ಬಸ್ಸು ಕೊಟ್ಟವರುಂಟು, ಓಡಿಸುವವರಾರು?

ಅಮೆರಿಕದ ಯೂಟಾ ರಾಜ್ಯದ ಝಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ಮುಖ್ಯ ಕಣಿವೆಯೊಳಕ್ಕೆ ಹೋಗಲು ಇರುವುದು ಒಂದೇ ರಸ್ತೆ. ಸುಮಾರು 6 ಮೈಲಿ ಸಾಗಿ ಅದು ಕಡಿದಾದ ಬಂಡೆಗಳ ನಡುವೆ ನಿಂತುಬಿಡುತ್ತದೆ. 1990ರ ದಶಕದ ಕೊನೆಯಲ್ಲಿ ಜನಸಂದಣಿಯ ದಿನಗಳಲ್ಲಿ ಅಲ್ಲಿಗೆ 5,000ದವರೆಗೆ ವಾಹನಗಳು ಬರುತ್ತಿದ್ದವು. ನಿಲ್ಲಿಸಲು ಇದ್ದ ಜಾಗ 500ಕ್ಕೂ ಕಡಿಮೆ. ರಸ್ತೆ ಅಗಲಗೊಳಿಸಬೇಕಾದರೆ ಜನ ನೋಡಲು ಬರುವ ಕಣಿವೆಯನ್ನೇ ಅಗೆಯಬೇಕಿತ್ತು. ಆಡಳಿತ ಆ ಹಾದಿ ಹಿಡಿಯಲಿಲ್ಲ. 2000ದ ಮೇ ತಿಂಗಳಿನಿಂದ, ಪ್ರವಾಸಿ ಋತುವಿನಲ್ಲಿ ಖಾಸಗಿ ಕಾರುಗಳಿಗೆ ಕಣಿವೆಯ ರಸ್ತೆಯನ್ನು ಮುಚ್ಚಿ ಬಸ್ಸುಗಳನ್ನು ಬಿಟ್ಟಿತು. ಒಂದು ಬಸ್ಸು ಪಕ್ಕದ ಸ್ಪ್ರಿಂಗ್‌ಡೇಲ್ ಊರಿನಿಂದ ಉದ್ಯಾನದ ಬಾಗಿಲವರೆಗೆ, ಇನ್ನೊಂದು ಅಲ್ಲಿಂದ ಕಣಿವೆಯೊಳಗೆ.

ಹತ್ತಿದವರಿಂದ ಟಿಕೆಟ್ ಹಣ ಪಡೆಯುವುದಿಲ್ಲ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿಬಂದ ನಮ್ಮ ಹಿರಿಯರು ಬೆರಗಿನಿಂದ ಹೇಳುವ ಉಚಿತಗಳಲ್ಲಿ ಇದೂ ಒಂದು. ಆದರೆ ಅರ್ಥಶಾಸ್ತ್ರದಲ್ಲಿ ಉಚಿತವೆಂಬುದಿಲ್ಲ. ಖರ್ಚಿನ ಬಹುಪಾಲು ಪ್ರವೇಶ ಶುಲ್ಕದಿಂದ ಹುಟ್ಟುತ್ತದೆ. ಅಲ್ಲಿನ 2004ರ ಕಾಯ್ದೆಯಂತೆ, ಇಂಥ ತಾಣದಲ್ಲಿ ಸಂಗ್ರಹವಾದ ಶುಲ್ಕದ ಶೇ 80ರಷ್ಟು ಸಾಮಾನ್ಯವಾಗಿ ಆ ತಾಣದಲ್ಲಿಯೇ ಉಳಿಯುತ್ತದೆ. ವಾಷಿಂಗ್ಟನ್ನಿನ ಬೊಕ್ಕಸದಲ್ಲಿ ಕರಗಿಹೋಗುವುದಿಲ್ಲ. ಈ ವಿವರವೇ ಇಡೀ ವ್ಯವಸ್ಥೆಯ ಬೆನ್ನೆಲುಬು.

ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ಪ್ರಯೋಗವನ್ನೂ ಅದೇ ದೇಶ ಮಾಡಿತು. ಉದ್ಯಾನ ಮತ್ತು ಸಾರ್ವಜನಿಕ ಭೂಮಿಗಳಲ್ಲಿ ಕಾರಿಗೆ ಪರ್ಯಾಯವಾದ ಸಾರಿಗೆ ಕಲ್ಪಿಸಲು 2005ರ ಭೂಸಾರಿಗೆ ಕಾಯ್ದೆಯಲ್ಲಿ ಪ್ರತ್ಯೇಕ ಯೋಜನೆಯೊಂದನ್ನು ಸೇರಿಸಲಾಯಿತು. ನಾಲ್ಕು ವರ್ಷಗಳಿಗೆ ಸುಮಾರು 9.7 ಕೋಟಿ ಡಾಲರ್ ಮಂಜೂರಾಯಿತು. ಅದಕ್ಕಾಗಿ ಶ್ರಮಿಸಿದ ಮೇರಿಲ್ಯಾಂಡಿನ ಸೆನೆಟರ್ ಪಾಲ್ ಸಾರ್ಬೇನ್ಸ್ ಅವರ ಹೆಸರನ್ನು 2008ರಲ್ಲಿ ಯೋಜನೆಗೆ ಇಡಲಾಯಿತು. ಬಸ್ಸು ಕೊಳ್ಳಲು, ನಿಲ್ದಾಣ ಕಟ್ಟಲು, ಅಧ್ಯಯನ ನಡೆಸಲು ಈ ಹಣ ಒದಗುತ್ತಿತ್ತು. ಬಸ್ಸನ್ನು ದಿನನಿತ್ಯ ಓಡಿಸುವ ಖರ್ಚು ಅದರ ವ್ಯಾಪ್ತಿಯಿಂದ ಹೊರಗಿತ್ತು. 2012ರ ಹೊಸ ಸಾರಿಗೆ ಕಾಯ್ದೆ ಯೋಜನೆಯನ್ನೇ ರದ್ದುಗೊಳಿಸಿತು. ಅಂದಿನಿಂದ ಉದ್ಯಾನದ ಬಸ್ಸು ರಸ್ತೆ, ಸೇತುವೆಗಳೊಡನೆ ಅದೇ ನಿಧಿಗಾಗಿ ಸ್ಪರ್ಧಿಸಬೇಕಾಯಿತು. ಝಯಾನ್ ಬಸ್ಸು ಮಾತ್ರ ನಿಲ್ಲಲಿಲ್ಲ.

ಬಂಡವಾಳ ವೆಚ್ಚಕ್ಕೆ ಎಲ್ಲೆಲ್ಲೂ ದಾನಿಗಳು ಸಿಗುತ್ತಾರೆ. ಹೊಸ ಬಸ್ಸಿಗೆ ಹಸಿರು ಬಾವುಟ ತೋರಿಸಿದ ಸಚಿವರನ್ನು ನನ್ನ ಸೇವಾವಧಿಯಲ್ಲಿ ಬಹಳ ಮಂದಿ ಕಂಡಿದ್ದೇನೆ. ಚಾಲಕನ ಮೂರನೆಯ ವರ್ಷದ ಸಂಬಳಕ್ಕೆ ಬಾವುಟ ತೋರಿಸಿದವರನ್ನು ಕಂಡಿಲ್ಲ.

ಈ ಲೆಕ್ಕ ಈಗ ನಮಗೂ ಬೇಕಾಗಿದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ ನೀಲಗಿರಿಗೆ 2024ರ ಮೇ ತಿಂಗಳಲ್ಲಿ ಇ-ಪಾಸ್ ಬಂದಿತು. 2025ರ ಸೆಪ್ಟೆಂಬರಿನಿಂದ ಚಿಕ್ಕಮಗಳೂರು ಜಿಲ್ಲಾಡಳಿತವು ಮುಳ್ಳಯ್ಯನಗಿರಿ ಭಾಗಕ್ಕೆ ಮುಂಗಡ ನೋಂದಣಿ ವಿಧಿಸಿ, ಒಂದು ಹೊತ್ತಿಗೆ 600 ವಾಹನಗಳ ಮಿತಿ ಹಾಕಿತು. ಮಿತಿ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಿತಿಯ ಜೊತೆಗೆ ಬಸ್ಸು ಬರದಿದ್ದರೆ, ಸ್ವಂತ ಕಾರೋ ಬಾಡಿಗೆ ವಾಹನವೋ ಇಲ್ಲದವನಿಗೆ ಆ ಬೆಟ್ಟ ಇನ್ನಷ್ಟು ದೂರವಾಗುತ್ತದೆ. ಸಾರ್ವಜನಿಕ ಭೂಮಿಯ ಬಾಗಿಲನ್ನು ಕಾರಿನ ಕೀಲಿಕೈಯಿಂದ ತೆರೆಯುವಂತಾಗಬಾರದು.

ಶುಲ್ಕವನ್ನು ಒಂದೇ ಉದ್ದೇಶಕ್ಕೆ ಕಟ್ಟಿಹಾಕುವುದನ್ನು ಹಣಕಾಸು ಇಲಾಖೆ ಒಪ್ಪದೆಂಬುದು ನನಗೆ ಗೊತ್ತು. ಸಂವಿಧಾನದ 266ನೆಯ ವಿಧಿಯಂತೆ ಸರ್ಕಾರದ ಆದಾಯವೆಲ್ಲ ಸಂಚಿತ ನಿಧಿಗೆ ಸೇರಬೇಕು, ಅಲ್ಲಿಂದ ಆದ್ಯತೆಯಂತೆ ಹಂಚಿಕೆಯಾಗಬೇಕು. ತೆರಿಗೆಯ ವಿಷಯದಲ್ಲಿ ಈ ವಾದ ಸರಿ. ಬೆಟ್ಟದ ಬುಡದಲ್ಲಿ ಪಡೆಯುವ ಶುಲ್ಕವಾದರೋ ಒಂದು ಸೇವೆಯ ಬೆಲೆ; ಸೇವೆಯನ್ನು ಕೊಡದೆ ಬೆಲೆ ಪಡೆಯುವುದು ನ್ಯಾಯವಲ್ಲ. ಇದಕ್ಕೆ ನಮ್ಮ ಕಾನೂನಿನಲ್ಲಿಯೇ ದಾರಿಯುಂಟು. ವನ್ಯಜೀವಿ ಕಾಯ್ದೆಗೆ 2006ರಲ್ಲಿ ತಂದ ತಿದ್ದುಪಡಿಯಿಂದ ಹುಲಿ ಸಂರಕ್ಷಿತ ಪ್ರದೇಶಗಳಿಗೆ ಪ್ರತಿಷ್ಠಾನಗಳು ಬಂದವು. ಪ್ರವೇಶ ಶುಲ್ಕ ಅವುಗಳ ನಿಧಿಗೆ ಸೇರಬಹುದು. ಹುಲಿ ಸಂರಕ್ಷಿತ ವ್ಯಾಪ್ತಿಗೆ ಸೇರದ ಗಿರಿಧಾಮಗಳಿಗೂ ಅಂಥದೇ ಪ್ರತಿಷ್ಠಾನ ರಚಿಸಿ, ಶುಲ್ಕದ ಇಂತಿಷ್ಟು ಪಾಲು ಬಸ್ಸಿನ ಚಾಲನಾ ವೆಚ್ಚಕ್ಕೇ ಎಂದು ನಿಯಮದಲ್ಲಿ ಬರೆಯಲು ಅಡ್ಡಿಯೇನು? ಹಾಗಾದರೆ ಕೆಎಸ್‌ಆರ್‌ಟಿಸಿಯು ನಷ್ಟದ ಭಯವಿಲ್ಲದೆ ಬೆಟ್ಟದ ತಿರುವುಗಳಿಗೆ ಒಗ್ಗುವ ಸಣ್ಣ ಬಸ್ಸುಗಳನ್ನು ಬಿಡಬಹುದು, ಕಾರುಗಳು ಕೈಮರದಲ್ಲಿಯೇ ನಿಲ್ಲಬಹುದು.