ಕಡಜದ ಪಂಚಾಂಗ

ಹುಳುವು ಭ್ರಮರವನ್ನೇ ಧ್ಯಾನಿಸುತ್ತ ಕಡೆಗೆ ತಾನೂ ಭ್ರಮರವಾಗುವುದೆಂಬ ಭ್ರಮರಕೀಟನ್ಯಾಯವನ್ನು ವಾಚಕರು ಕೇಳಿಯೇ ಇರುವರು. ನಾನೂ ಬಹುಕಾಲ ಶಿಷ್ಯರಿಗೆ ಅದನ್ನು ಹೇಳಿಕೊಟ್ಟವನೇ. ಕೀಟಶಾಸ್ತ್ರಜ್ಞರ ಮಾತು ಬೇರೆ: ಹುಳುವು ಕಡಜವಾಗುವುದಿಲ್ಲ, ಕಡಜದ ಮರಿಯು ಹುಳುವನ್ನು ತಿಂದು ಹೊರಬರುತ್ತದೆ. ವೇದಾಂತಕ್ಕೆ ಇದರಿಂದ ಹಾನಿಯಿಲ್ಲ, ತೋಟಗಾರನಿಗಂತೂ ಲಾಭವುಂಟು.

ಹೆಚ್ಚಿದ ಮಾವಿನ ಹಣ್ಣಿನಲ್ಲಿ ಬಿಳಿಯ ಹುಳು ಹೊರಳುವುದನ್ನು ಕಂಡು ಗೃಹಿಣಿಯರು ಹಣ್ಣನ್ನೇ ಬಿಸುಡುತ್ತಾರೆ. ನಮ್ಮ ಹಿತ್ತಲಿನ ಸೀಬೆಯದೂ ಅದೇ ಪಾಡು. ಇದು ಹಣ್ಣುನೊಣದ ಕೆಲಸ. ತಿರುಳಿನೊಳಗೆ ಅವಿತಿರುವ ಹುಳುವಿಗೆ ಮೇಲೆ ಸಿಂಪಡಿಸಿದ ಔಷಧವು ಸುಲಭವಾಗಿ ಮುಟ್ಟದು. ಏಷ್ಯಾ ಖಂಡದ ಈ ನೊಣವು 1940ರ ದಶಕದ ನಡುವೆ ಹವಾಯಿ ದ್ವೀಪಗಳನ್ನು ಸೇರಿ ಹಾವಳಿಯೆಬ್ಬಿಸಿತು. ಆ ದಶಕದ ಕೊನೆಯಲ್ಲಿ ಅಲ್ಲಿಯವರು ನೊಣದ ತವರಿನಿಂದಲೇ ಅದರ ಶತ್ರುಗಳಾದ ಕಡಜಗಳನ್ನು ತರಿಸಿದರು. ಅವುಗಳಲ್ಲಿ ಚೆನ್ನಾಗಿ ನೆಲೆಯೂರಿದ್ದು ಫೋಪಿಯಸ್ ಅರಿಸಾನಸ್ ಎಂಬುದು. ಇದು ಹಣ್ಣಿನೊಳಕ್ಕೆ ಸೂಜಿಯಂತಹ ಅಂಗವನ್ನು ಚುಚ್ಚಿ ನೊಣದ ಮೊಟ್ಟೆಯೊಳಗೇ ತನ್ನ ಮೊಟ್ಟೆಯನ್ನಿಡುತ್ತದೆ. ನೊಣದ ಮರಿ ಹುಟ್ಟಿ, ತಿಂದು ಕೊಬ್ಬಿ, ಮಣ್ಣಿಗಿಳಿದು ಕೋಶವಾಗುವವರೆಗೂ ಒಳಗಿನ ಅತಿಥಿಯು ಎಳೆಯದಾಗಿಯೇ ಕಾದಿರುತ್ತದೆ. ಆಮೇಲೆ ಆತಿಥೇಯನನ್ನೇ ಮುಗಿಸುತ್ತದೆ.

ಈ ಕಾಯುವಿಕೆಯನ್ನು ಅಳೆಯುವುದು ತಿಥಿವಾರಗಳಲ್ಲ, ಉಷ್ಣ. ಕೀಟಗಳಿಗೆ ನಮ್ಮಂತೆ ಸ್ಥಿರವಾದ ಮೈಬಿಸಿಯಿಲ್ಲ. ಹೊರಗಿನ ಕಾವನ್ನು ಕೂಡಿಟ್ಟುಕೊಂಡು ಬೆಳೆಯಬೇಕು. ತಿಳಿವಳಿಕೆಗಾಗಿ ಒಂದು ಲೆಕ್ಕ ಹಿಡಿಯೋಣ. 10 ಡಿಗ್ರಿ ಸೆಂಟಿಗ್ರೇಡಿನ ಕೆಳಗೆ ಬೆಳವಣಿಗೆ ನಿಲ್ಲುವುದೆಂದಿಟ್ಟುಕೊಂಡರೆ, 25 ಡಿಗ್ರಿಯ ದಿನವೊಂದು 15 ಪಾಲು ಕಾವನ್ನು ಕೂಡಿಸುತ್ತದೆ, 20 ಡಿಗ್ರಿಯ ದಿನವು 10 ಪಾಲನ್ನು. 300 ಪಾಲು ಬೇಕಾದ ಜೀವಿಗೆ ಮೊದಲನೆಯ ಕಡೆ 20 ದಿನ ಸಾಕು, ಎರಡನೆಯ ಕಡೆ 30 ದಿನ ಬೇಕು. ಆದರೆ ಕಾವು ಹೆಚ್ಚಿದಷ್ಟೂ ಒಳ್ಳೆಯದೆನ್ನುವಂತಿಲ್ಲ. ಹಗಲಿರುಳು 35 ಡಿಗ್ರಿಯಲ್ಲಿಟ್ಟರೆ ಬಹುಪಾಲು ಕಡಜಗಳು ಹೊರಬರುವುದೇ ಇಲ್ಲ.

ತೊಡಕು ಇನ್ನೊಂದಿದೆ. ಬೆಚ್ಚನೆಯ ಹವೆಯಲ್ಲಿ ನೊಣದ ಮೊಟ್ಟೆ ಒಂದೂವರೆ ಎರಡು ದಿನಗಳಲ್ಲಿ ಒಡೆಯುತ್ತದೆ. ಫೋಪಿಯಸ್‌ಗೆ ದೊರೆಯುವ ಅವಕಾಶವು ಅಷ್ಟೇ. ಆ ವೇಳೆಗೆ ತೋಟದಲ್ಲಿ ಬೆಳೆದ ಕಡಜಗಳಿರಬೇಕು. ಹವೆ ತಂಪಾಗಿ ಅವು ಕೋಶದಲ್ಲೇ ತಡೆದು ನಿಂತರೆ ಆ ಸಲದ ಹಣ್ಣು ನೊಣದ ಪಾಲು.

ಸಾಕಣೆಯ ಮನೆಗಳಲ್ಲಿ ಕೋಣೆಯ ಕಾವನ್ನು ಅಷ್ಟು ಜಾಗರೂಕತೆಯಿಂದ ಕಾಯುವುದು ಇದಕ್ಕಾಗಿಯೇ. ಅಲ್ಲಿ ಕಡಜ ಹೊಗದ ಕೋಶಗಳಿಂದ ನೊಣಗಳು ಕೆಲವು ದಿನ ಮೊದಲೇ ಹೊರಡುತ್ತವೆ. ಕಡಜಗಳು ಆಮೇಲೆ, ಅವುಗಳಲ್ಲಿಯೂ ಗಂಡುಗಳು ಮುಂದಾಗಿ. ಮೆಕ್ಸಿಕೋ ದೇಶದ ಮೆಟಾಪಾ ಎಂಬಲ್ಲಿ ಡಯಾಕಾಸ್ಮಿಮಾರ್ಫಾ ಎಂಬ ಇನ್ನೊಂದು ಜಾತಿಯನ್ನು ರಾಶಿರಾಶಿಯಾಗಿ ಸಾಕುವವರು ಈ ಬೇರ್ಪಡಿಸುವ ಕಷ್ಟವನ್ನೇ ತಪ್ಪಿಸಿಕೊಂಡಿದ್ದಾರೆ: ನೊಣದ ಹುಳುಗಳಿಗೆ ಮೊದಲೇ ವಿಕಿರಣ ತಾಗಿಸಿ ಕಡಜಗಳಿಗೆ ಒಪ್ಪಿಸುತ್ತಾರೆ. ಆ ಹುಳುಗಳಿಂದ ನೊಣವೇಳುವುದಿಲ್ಲ. ಕಡಜ ಮಾತ್ರ ಏಳುತ್ತದೆ.