ಮನೆಯ ಕಂಪ್ಯೂಟರ್‌ನಲ್ಲಿ ಕಚೇರಿಯ ಲೆಕ್ಕ: ದಾರಿ ಯಾವುದು?

ಮಂಜೇಶ್ವರ: 2020ರ ಮಾರ್ಚ್‌ನಲ್ಲಿ ಕರ್ನಾಟಕವು ತಲಪಾಡಿ ಗಡಿ ಮುಚ್ಚಿದಾಗ, ದಿನವೂ ಮಂಗಳೂರಿಗೆ ಹೋಗಿ ಬರುತ್ತಿದ್ದ ಕಾಸರಗೋಡು ಜಿಲ್ಲೆಯ ನೌಕರರು ಮನೆಯಲ್ಲೇ ಉಳಿಯಬೇಕಾಯಿತು. ಮನೆಯಲ್ಲಿ ಕಂಪ್ಯೂಟರ್ ಇದ್ದರೂ ಗ್ರಾಹಕರ ಲೆಕ್ಕ, ದಾಸ್ತಾನಿನ ವಿವರ ಗಡಿಯಾಚೆಯ ಕಚೇರಿಯಲ್ಲಿದ್ದರೆ ಕೆಲಸ ಸಾಗುವುದಿಲ್ಲ. ಗಡಿ ತೆರೆದು ವರ್ಷಗಳಾದವು. ಆದರೂ ಬಸ್ ಇಲ್ಲದ ದಿನ, ಜಡಿಮಳೆಯ ದಿನ ಅದೇ ಪ್ರಶ್ನೆ: ಕಚೇರಿಯ ಡೇಟಾಬೇಸನ್ನು ಮನೆಯಿಂದಲೇ ನೋಡಬಹುದೇ?

ನೋಡಬಹುದು. ಆದರೆ ಯಾವ ದಾರಿಯಲ್ಲಿ ಎಂಬುದು ಮುಖ್ಯ.

ಹಿಡಿಯಬಾರದ ದಾರಿ

ಕಚೇರಿಯ ರೂಟರ್‌ನಲ್ಲಿ ಒಂದು ‘ಪೋರ್ಟ್’ ತೆರೆದುಬಿಡುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಪಾಯಕಾರಿ. ಪೋರ್ಟ್ ಎಂದರೆ ಸಂಖ್ಯೆ ಹೊತ್ತ ಬಾಗಿಲು. ಸಾಮಾನ್ಯವಾಗಿ ಮೈಎಸ್‌ಕ್ಯೂಎಲ್‌ಗೆ 3306, ಎಸ್‌ಕ್ಯೂಎಲ್ ಸರ್ವರ್‌ಗೆ 1433, ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್‌ಗೆ 3389. ಈ ಸಂಖ್ಯೆಗಳು ಕಳ್ಳರಿಗೂ ಗೊತ್ತು. ತೆರೆದ ಬಾಗಿಲು ಹುಡುಕುವ ತಂತ್ರಾಂಶಗಳು ಹಗಲಿರುಳು ಅಂತರ್ಜಾಲವನ್ನು ಜಾಲಾಡುತ್ತವೆ. ಒಳಹೊಕ್ಕವರು ಕಡತಗಳಿಗೆ ಬೀಗ ಜಡಿದು ಹಣ ಕೇಳುತ್ತಾರೆ.

2019ರಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ‘ಬ್ಲೂಕೀಪ್’ ಎಂಬ ದೋಷ ಬಯಲಾಯಿತು. ಪಾಸ್‌ವರ್ಡ್ ಇಲ್ಲದೆಯೇ ಒಳನುಗ್ಗಲು ಅದು ಎಡೆಕೊಡುತ್ತಿತ್ತು. ಮೈಕ್ರೋಸಾಫ್ಟ್ ಕಂಪನಿಯು ತಾನು ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಆಗ ಪರಿಹಾರ ಕೊಡಬೇಕಾಯಿತು.

ಸರಿಯಾದ ದಾರಿ

ಮೊದಲು ವಿಪಿಎನ್. ಇದು ಮನೆಗೂ ಕಚೇರಿಗೂ ನಡುವಿನ ಗುಪ್ತ ಸುರಂಗವಿದ್ದಂತೆ. ಅದರಲ್ಲಿ ಸಾಗುವ ಮಾಹಿತಿ ನಡುವೆ ಕದ್ದವರಿಗೆ ಅರ್ಥವಾಗದು. ಓಪನ್‌ವಿಪಿಎನ್, ವೈರ್‌ಗಾರ್ಡ್ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಇವನ್ನು ಕಚೇರಿಯಲ್ಲಿ ನಡೆಸಲು ಸ್ಥಿರ ಐಪಿ ವಿಳಾಸವಿರುವ ಬ್ರಾಡ್‌ಬ್ಯಾಂಡ್ ಅನುಕೂಲ. ಮನೆಯವರಿಗೆ ಮೊಬೈಲ್ ಇಂಟರ್‌ನೆಟ್ ಸಾಕು.

ಸುರಂಗದೊಳಗೆ ಹೋದ ಮೇಲೆ ರಿಮೋಟ್ ಡೆಸ್ಕ್‌ಟಾಪ್ ಬಳಸಿ. ಆಗ ತಂತ್ರಾಂಶ ಓಡುವುದು ಕಚೇರಿಯ ಕಂಪ್ಯೂಟರ್‌ನಲ್ಲೇ. ನಿಮ್ಮ ಮನೆಗೆ ಬರುವುದು ಪರದೆಯ ಚಿತ್ರ ಮಾತ್ರ. ಹಳ್ಳಿಯ ನಿಧಾನ ಸಂಪರ್ಕಕ್ಕೆ ಇದು ಒಗ್ಗುತ್ತದೆ. ಆಕ್ಸೆಸ್‌ನಂಥ ಕಡತವನ್ನು ದೂರದಿಂದ ನೇರವಾಗಿ ತೆರೆದರೆ, ನಡುವೆ ಸಂಪರ್ಕ ಕಡಿದಾಗ ಕಡತವೇ ಕೆಡಬಹುದು. ರಿಮೋಟ್ ಡೆಸ್ಕ್‌ಟಾಪ್‌ನಲ್ಲಾದರೆ ಮತ್ತೆ ಸೇರಿಕೊಂಡು ಬಿಟ್ಟಲ್ಲಿಂದ ಮುಂದುವರಿಸಬಹುದು. ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ ಹೆಸರುಗಳೂ ಸರಿಯಾಗಿಯೇ ಕಾಣುತ್ತವೆ. ಫಾಂಟ್ ಕಚೇರಿಯಲ್ಲಿದ್ದರೆ ಸಾಕು, ಮನೆಯಲ್ಲಿ ಬೇಕಿಲ್ಲ.

ಕಚೇರಿಯ ಕಂಪ್ಯೂಟರ್‌ನಲ್ಲಿ ವಿಂಡೋಸ್‌ನ ಪ್ರೊ ಆವೃತ್ತಿ ಬೇಕು. ಹೋಮ್ ಆವೃತ್ತಿ ಈ ಪ್ರವೇಶ ಕೊಡುವುದಿಲ್ಲ. ಯಂತ್ರ ಚಾಲೂ ಇರಬೇಕು, ಅದಕ್ಕೂ ರೂಟರ್‌ಗೂ ಯುಪಿಎಸ್ ಇರಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ.

ಕಚೇರಿ ಮುಖ್ಯಸ್ಥರ ಹೊಣೆ

ಪ್ರತಿ ನೌಕರರಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿ. ಜತೆಗೆ ಮೊಬೈಲ್‌ನ ಸಂಕೇತವನ್ನೂ ಕೇಳುವ ಎರಡು ಹಂತದ ಪರಿಶೀಲನೆ ಇರಲಿ. ಲೆಕ್ಕ ನೋಡುವವರಿಗೆಲ್ಲ ತಿದ್ದುವ ಅಧಿಕಾರ ಬೇಡ. ಕೆಲಸ ಬಿಟ್ಟವರ ಪ್ರವೇಶವನ್ನು ಅದೇ ದಿನ ರದ್ದುಮಾಡಿ. ದಿನವೂ ಒಂದು ಬ್ಯಾಕಪ್ ತೆಗೆದು ಕಂಪ್ಯೂಟರ್‌ನಿಂದ ಬೇರ್ಪಡಿಸಿಡಿ.

ನೌಕರರೂ ಅಷ್ಟೇ: ಅನುಮತಿ ಇಲ್ಲದೆ ತಾವಾಗಿ ಇಂಥ ಸಂಪರ್ಕ ಮಾಡಿಕೊಳ್ಳಬಾರದು. ಸಹಕಾರಿ ಸಂಘವಿರಲಿ, ಅಡಿಕೆ ಮಂಡಿಯಿರಲಿ, ಆ ಲೆಕ್ಕದಲ್ಲಿರುವುದು ಊರವರ ಠೇವಣಿ, ಸಾಲ, ಬಾಕಿ. ಅದು ಕಳೆದುಹೋದರೆ ಉತ್ತರ ಹೇಳಬೇಕಾದದ್ದು ಊರವರಿಗೇ.