ಆಯಿಯನ್ನು ಹುಡುಕಿದ ಜೀಪು

ಮಕ್ಕಳೇ, ಬ್ಯಾಂಕಿನ ನೌಕರಿಯಲ್ಲಿ ಕಿತ್ತೂರು, ಸವದತ್ತಿ, ರಾಮದುರ್ಗ ಸುತ್ತಿದವನು ನಾನು. ಆಗ ತೊಂದರೆಯಾದರೆ ನಾವೇ ಠಾಣೆಗೆ ಓಡಬೇಕಿತ್ತು. ಈಗ ಪೊಲೀಸರ ಗಸ್ತು ವಾಹನವೇ ನಾವಿದ್ದಲ್ಲಿಗೆ ಬರುತ್ತದೆ.

ಕಳೆದ ಬನದ ಹುಣ್ಣಿಮೆಗೆ ಬೈಲಹೊಂಗಲದಿಂದ ಎಲ್ಲಮ್ಮನ ಜಾತ್ರೆಗೆ ಹೋಗಿದ್ದೆವು. ಮರೆವಿನ ನನ್ನಾಕೆ ಜೋಗುಳಬಾವಿಯ ಜಂಗುಳಿಯಲ್ಲಿ ತಪ್ಪಿಸಿಕೊಂಡಳು. ನನ್ನ ಬಾಯಿ ಒಣಗಿತು. ಐದನೆಯ ತರಗತಿಯ ಮೊಮ್ಮಗ 112ಕ್ಕೆ ಕರೆ ಮಾಡಿದ. ನಾವೆಲ್ಲಿದ್ದೇವೆ, ಆಯಿಯ ಸೀರೆಯ ಬಣ್ಣ ಯಾವುದು, ಎಲ್ಲ ಬಿಡಿಸಿ ಹೇಳಿದ.

ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಇದೊಂದೇ ಸಂಖ್ಯೆ. ಕರೆ ಹೋಗುವುದು ನಿಯಂತ್ರಣ ಕೊಠಡಿಗೆ. ಅಲ್ಲಿಂದ ಜಿಪಿಎಸ್ ನೋಡಿ ಹತ್ತಿರದ ವಾಹನವನ್ನು ಕಳಿಸುತ್ತಾರೆ.

ಗುಡ್ಡದ ದಾರಿಯಲ್ಲಿ ಕೂತಿದ್ದ ಆಕೆಯನ್ನು ಪೊಲೀಸರು ಜೀಪಿನಲ್ಲಿ ಕರೆತಂದರು. “ಅಜ್ಜಾರ, ಹುಡುಗ ಶಾಣ್ಯಾ ಅದಾನ್ರಿ” ಎಂದರು.

ಮಕ್ಕಳೇ, ಆಟಕ್ಕೆಂದು ಆ ಸಂಖ್ಯೆ ಒತ್ತಬೇಡಿ. ಆ ಹೊತ್ತಿಗೆ ಇನ್ನಾರದೋ ಆಯಿ ದಾರಿ ಕಾಯುತ್ತಿರಬಹುದು.